ಖಾಲಿ ಖಜಾನೆಯ ಮೊದಲ ವಾರ

‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್’ ಸರಣಿಯ ಮೂರನೆಯ ಆಟವನ್ನು ಅದರ ಅತಿ ಕಠಿಣ ಮಟ್ಟದಲ್ಲಿ ಶುರುಮಾಡಿದವರಿಗೆ ಮೊದಲ ಕಿರಿಕಿರಿ ಪರದೆಯ ಕೆಳಗಿನ ಪಟ್ಟಿಯಲ್ಲೇ ಕಾಣುತ್ತದೆ. ಮರ, ಪಾದರಸ, ಅದಿರು, ಗಂಧಕ, ಸ್ಫಟಿಕ, ರತ್ನ, ಚಿನ್ನ, ಏಳಕ್ಕೂ ಸೊನ್ನೆ. ಒಂದು ಊರಿದೆ, ಊರಿಗೊಂದು ಕೋಟೆಯಿದೆ, ಬಾಗಿಲಲ್ಲಿ ಕುದುರೆಯೇರಿದ ಒಬ್ಬ ಹೀರೋ ಇದ್ದಾನೆ, ಅವನ ಹಿಂದೆ ಹತ್ತಿಪ್ಪತ್ತು ಜನರ ಪಡೆಯಿದೆ. ಕೈಯಲ್ಲಿ ಮಾತ್ರ ಬಿಡಿಗಾಸಿಲ್ಲ. ಅದೇ ಹೊತ್ತಿಗೆ ಮ್ಯಾಪಿನ ಇನ್ನೊಂದು ಮೂಲೆಯಲ್ಲಿ ಕಂಪ್ಯೂಟರ್ ನಡೆಸುವ ಎದುರಾಳಿ ಚಿನ್ನ, ಮರ, ಅದಿರು ಎಲ್ಲವನ್ನೂ ಒಂದಿಷ್ಟು ಕಟ್ಟಿಕೊಂಡೇ ಹೊರಟಿರುತ್ತಾನೆ. ಈ ಮಟ್ಟಕ್ಕೆ ಆಟ ಕಟ್ಟಿದವರು ಇಟ್ಟ ಹೆಸರು ‘ಇಂಪಾಸಿಬಲ್’. ಈಸಿ, ನಾರ್ಮಲ್, ಹಾರ್ಡ್, ಎಕ್ಸ್‌ಪರ್ಟ್ ಎಂಬ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಸಿಗುವ ಐದನೆಯದು. ಇಲ್ಲಿ ಗೆದ್ದರೆ ಅಂಕ ಇಮ್ಮಡಿ, ಅಂದರೆ ಶೇಕಡಾ 200. ಬಹಳಷ್ಟು ಜನ ಈ ಸೊನ್ನೆಗಳನ್ನು ಕಂಡ ಕೂಡಲೇ ಯೋಚಿಸುವುದು ಹಣದ ಬಗ್ಗೆ. ನನ್ನ ವಾದ ಬೇರೆ. ಮೊದಲ ವಾರದಲ್ಲಿ ನಿಜವಾಗಿ ಕೊರತೆಯಿರುವುದು ನಡಿಗೆಗೆ. ಹೀರೋಗಳು ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆ, ಎಷ್ಟು ದಿಕ್ಕಿಗೆ ಹೋಗುತ್ತಾರೆ ಎನ್ನುವುದರ ಮೇಲೆ ಆ ವಾರ ನಿಂತಿದೆ. ಹಣ ಅದರ ಹಿಂದೆ ಬರುತ್ತದೆ.

ಆಟದ ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಎಂಬ ಅಮೆರಿಕದ ಸಂಸ್ಥೆ 1999ರಲ್ಲಿ ಇದನ್ನು ಹೊರತಂದಿತು. ಸಂಸ್ಥೆಯನ್ನು ಕಟ್ಟಿದ ಜಾನ್ ವ್ಯಾನ್ ಕ್ಯಾನೆಗಮ್ 1990ರಲ್ಲೇ ‘ಕಿಂಗ್ಸ್ ಬೌಂಟಿ’ ಎಂಬ ಆಟ ಮಾಡಿದ್ದರು. ಈ ಸರಣಿಯ ಬೇರು ಅಲ್ಲಿದೆ. ಊರು ಕಟ್ಟಬೇಕು, ಗಣಿ ಹಿಡಿಯಬೇಕು, ವಾರಕ್ಕೊಮ್ಮೆ ಊರಿನಲ್ಲಿ ಹುಟ್ಟುವ ಸೈನಿಕರನ್ನೂ ಗಂಡಭೇರುಂಡದಂಥ ವಿಚಿತ್ರ ಜೀವಿಗಳನ್ನೂ ಕೊಂಡು ಹೀರೋನ ಬೆನ್ನಿಗೆ ಕೊಡಬೇಕು, ಕೊನೆಗೆ ಎದುರಾಳಿಯ ಊರನ್ನು ಗೆಲ್ಲಬೇಕು. ಎಲ್ಲರಿಗೂ ಸರದಿಯಿದೆ, ಒಂದು ಸರದಿಗೆ ಒಂದು ದಿನ, ಏಳು ದಿನಕ್ಕೆ ವಾರ. ಒಂದು ಊರಿನಲ್ಲಿ ದಿನಕ್ಕೆ ಒಂದೇ ಕಟ್ಟಡ ಏಳಬಹುದು. ಈ ಕೊನೆಯ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್ ಬಲವಾಗಿದೆ ಎಂದಾಗ ನಾವು ಸಾಮಾನ್ಯವಾಗಿ ಚದುರಂಗದ ಯಂತ್ರವನ್ನು ನೆನೆಯುತ್ತೇವೆ. 1997ರಲ್ಲಿ ಡೀಪ್ ಬ್ಲೂ ಕ್ಯಾಸ್ಪರೋವ್ ಅವರನ್ನು ಸೋಲಿಸಿದಾಗ ಇಬ್ಬರ ಕಡೆಯೂ ಹದಿನಾರೇ ಕಾಯಿಗಳಿದ್ದವು. 2019ರಲ್ಲಿ ಡೀಪ್‌ಮೈಂಡ್‌ನ ಆಲ್ಫಾಸ್ಟಾರ್ ‘ಸ್ಟಾರ್‌ಕ್ರಾಫ್ಟ್ 2’ ಆಟದಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಟ್ಟಕ್ಕೆ ಏರಿದ್ದೂ ಕಲಿಕೆಯಿಂದಲೇ. ಇಂಥ ಎದುರಾಳಿ ಯೋಚನೆಯಲ್ಲಿ ನಮಗಿಂತ ಮುಂದಿರುತ್ತದೆ, ಅಲ್ಲಿ ಮೊದಲ ನಡೆಯಿಂದಲೇ ತಪ್ಪಿಗೆ ಜಾಗವಿಲ್ಲ. ‘ಹೀರೋಸ್ 3’ರ ಎದುರಾಳಿ ಆ ಜಾತಿಯದಲ್ಲ. ಅವನ ಬಲದಲ್ಲಿ ದೊಡ್ಡ ಪಾಲು ಆರಂಭದ ಬಂಡವಾಳದ್ದು. ಈ ವ್ಯತ್ಯಾಸ ಸಣ್ಣದಲ್ಲ. ಯೋಚನೆಯಲ್ಲಿ ಮುಂದಿರುವವನು ದಿನ ಕಳೆದಂತೆ ಇನ್ನೂ ದೂರ ಹೋಗುತ್ತಾನೆ. ಬಂಡವಾಳದಲ್ಲಿ ಮುಂದಿರುವವನ ಮುನ್ನಡೆ ಮೊದಲ ದಿನ ಎಷ್ಟಿತ್ತೋ ಅಷ್ಟೇ. ಅದನ್ನು ಅವನು ಚೆನ್ನಾಗಿ ದುಡಿಸದಿದ್ದರೆ ಕರಗುತ್ತ ಹೋಗುತ್ತದೆ. ಹಾಗಾಗಿ ನಮ್ಮ ಮುಂದಿರುವ ಪ್ರಶ್ನೆ ಒಂದೇ: ಆ ಮುನ್ನಡೆ ಸೈನ್ಯವಾಗಿ ನಮ್ಮ ಬಾಗಿಲಿಗೆ ಬರುವ ಮೊದಲು ನಾವು ಅದನ್ನು ಎಷ್ಟು ಬೇಗ ತುಂಬಿಕೊಳ್ಳಬಲ್ಲೆವು?

ಇದಕ್ಕೆ ಹೆಚ್ಚು ಜನ ಕೊಡುವ ಉತ್ತರ, ಊರಿನ ಆದಾಯ ಹೆಚ್ಚಿಸುವುದು. ಆ ಉತ್ತರವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ, ಲೆಕ್ಕ ಅದರ ಕಡೆಗೇ ಇದೆ. ಆರಂಭದ ವಿಲೇಜ್ ಹಾಲ್ ದಿನಕ್ಕೆ 500 ಚಿನ್ನ ಕೊಡುತ್ತದೆ. 2500 ಕೊಟ್ಟು ಟೌನ್ ಹಾಲ್ ಕಟ್ಟಿದರೆ ಅದು 1000 ಆಗುತ್ತದೆ. 5000ದ ಸಿಟಿ ಹಾಲ್ ಅದನ್ನು 2000ಕ್ಕೆ, 10000ದ ಕ್ಯಾಪಿಟಾಲ್ 4000ಕ್ಕೆ ಏರಿಸುತ್ತವೆ. ಮೂರರಲ್ಲೂ ಹಾಕಿದ ಅಸಲು ಸರಿಯಾಗಿ ಐದು ದಿನಕ್ಕೆ ಹಿಂತಿರುಗುತ್ತದೆ. ಕಾಗದದ ಮೇಲೆ ಇಷ್ಟು ಒಳ್ಳೆಯ ಹೂಡಿಕೆ ಇನ್ನೊಂದಿಲ್ಲ. ಆದರೆ ಈ ಕಟ್ಟಡಗಳು ಒಂಟಿಯಾಗಿ ಬರುವುದಿಲ್ಲ. ಸಿಟಿ ಹಾಲ್‌ಗೆ ಮೊದಲು ಮಾರುಕಟ್ಟೆ, ಕಮ್ಮಾರಸಾಲೆ, ಮಂತ್ರಶಾಲೆ ಬೇಕು. ಕ್ಯಾಪಿಟಾಲ್‌ಗೆ ಮೊದಲು ಸಿಟಡೆಲ್, ಕ್ಯಾಸಲ್ ಎರಡೂ ಬೇಕು. ಕೋಟೆ, ಟ್ಯಾವರ್ನ್ ಎರಡೂ ಮೊದಲೇ ಇರುವ ಊರಿನಲ್ಲೂ ಇದು ಎಂಟು ಕಟ್ಟಡ, ಎಂಟು ದಿನ, ಒಟ್ಟು 28500 ಚಿನ್ನ. ಮರ ಮತ್ತು ಅದಿರಿನ ಲೆಕ್ಕ ಬೇರೆ. ಈಗ ಸೊನ್ನೆಯಿಂದ ಹೊರಟವನ ಸ್ಥಿತಿ ನೋಡಿ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಬೆಳಗ್ಗೆ 500. ಊರಿನ ಆದಾಯವೊಂದನ್ನೇ ನೆಚ್ಚಿದರೆ ಟೌನ್ ಹಾಲ್‌ಗೆ ಬೇಕಾದ 2500 ಕೂಡಿಬರುವುದು ಆರನೆಯ ದಿನ. ಆಟದ ಶುರುವಿನಲ್ಲಿ ಸಿಗುವ ಉಡುಗೊರೆಯಲ್ಲಿ ಚಿನ್ನವನ್ನೇ ಆರಿಸಿ, ಅದೃಷ್ಟವಿದ್ದು ಪೂರ್ತಿ 1000 ಬಂದರೂ ನಾಲ್ಕನೆಯ ದಿನ. ಇಡೀ ಮೊದಲ ವಾರದಲ್ಲಿ ಊರು ತಾನಾಗಿ ಕೊಡುವುದು 3000 ಚಿನ್ನ, ಅಷ್ಟೆ.

ಇದರ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿರುವುದನ್ನು ಇಟ್ಟು ನೋಡಬೇಕು. ದಾರಿಬದಿಯ ಒಂದು ಪೆಟ್ಟಿಗೆ ತೆರೆದರೆ 1000, 1500 ಅಥವಾ 2000 ಚಿನ್ನ. ಆರುತ್ತಿರುವ ಒಂದು ಶಿಬಿರಾಗ್ನಿಯಲ್ಲಿ 400ರಿಂದ 600 ಚಿನ್ನದ ಜೊತೆಗೆ ಬೇರೊಂದು ಸಂಪನ್ಮೂಲ ನಾಲ್ಕರಿಂದ ಆರು. ಮರದ ಮಿಲ್ಲು, ಅದಿರಿನ ಗಣಿ ಹಿಡಿದರೆ ದಿನಕ್ಕೆ ಎರಡೆರಡು. ಗಾಳಿಯಂತ್ರ, ನೀರಿನ ಚಕ್ರಗಳು ವಾರಕ್ಕೊಮ್ಮೆ ಕೊಡುವುದು ಬೇರೆ. ಒಂದು ಒಳ್ಳೆಯ ಪೆಟ್ಟಿಗೆ ಎಂದರೆ ವಿಲೇಜ್ ಹಾಲ್‌ನ ನಾಲ್ಕು ದಿನದ ದುಡಿಮೆ. ಎರಡು ಪೆಟ್ಟಿಗೆ ಸಿಕ್ಕರೆ ಊರಿನ ಇಡೀ ವಾರದ ಆದಾಯವನ್ನು ಅವು ಮೀರಬಹುದು. ಹೀಗೆ ಮೊದಲ ವಾರದ ಸಂಪತ್ತು ಊರಿನ ಒಳಗಿಲ್ಲ, ಹೊರಗೆ ಚೆಲ್ಲಿದೆ. ಅದನ್ನು ತರಲು ಬೇಕಾದ್ದು ಕಾಲು. ಮುಂಗಾರಿನ ಹದ ಇರುವಾಗ ಎಷ್ಟು ಜೋಡಿ ಎತ್ತು ಹೊಲಕ್ಕಿಳಿದವು ಎನ್ನುವುದರ ಮೇಲೆ ಬೆಳೆ ನಿಲ್ಲುವಂತೆ, ಇಲ್ಲಿ ಮೊದಲ ಏಳು ದಿನ ಎಷ್ಟು ಹೀರೋಗಳು ಬೀದಿಯಲ್ಲಿದ್ದರು ಎನ್ನುವುದು ಆಟವನ್ನು ತೀರ್ಮಾನಿಸುತ್ತದೆ.

ಆಟ ಕಟ್ಟಿದವರು ಇಲ್ಲಿ ಒಂದು ಸೊಗಸಾದ ಇಕ್ಕಟ್ಟು ಇಟ್ಟಿದ್ದಾರೆ. ಟ್ಯಾವರ್ನ್‌ನಲ್ಲಿ ಹೊಸ ಹೀರೋನನ್ನು ನೇಮಿಸಿಕೊಳ್ಳಲು ಬೇಕಾದ ಹಣವೂ 2500, ಟೌನ್ ಹಾಲ್‌ಗೆ ಬೇಕಾದ ಹಣವೂ 2500. ಮೊದಲ 2500 ಕೈಗೆ ಬಂದಾಗ ಯಾವುದಕ್ಕೆ ಕೊಡಬೇಕು? ಮೂರನೆಯ ದಿನ ಟೌನ್ ಹಾಲ್ ಕಟ್ಟಿದೆವು ಎಂದಿಟ್ಟುಕೊಳ್ಳೋಣ. ನಾಲ್ಕರಿಂದ ಏಳನೆಯ ದಿನದವರೆಗೆ ಅದು ಹೆಚ್ಚುವರಿಯಾಗಿ ತರುವುದು 2000. ಅದೇ ದಿನ ಹೀರೋನನ್ನು ಕೊಂಡರೆ ಅವನು ಬರಿಗೈಯಲ್ಲಿ ಬರುವುದಿಲ್ಲ, ತನ್ನದೊಂದು ಸಣ್ಣ ಪಡೆಯೊಂದಿಗೆ ಬರುತ್ತಾನೆ. ಆ ಪಡೆಯನ್ನು ಮುಖ್ಯ ಹೀರೋಗೆ ಒಪ್ಪಿಸಿದರೆ, ನಿನ್ನೆ ಮುಟ್ಟಲಾಗದ ಕಾವಲುಗಾರರು ಇವತ್ತು ಮುಟ್ಟಬಹುದಾದವರಾಗುತ್ತಾರೆ; ಅವರ ಹಿಂದಿದ್ದ ಗಣಿಯೋ ಪೆಟ್ಟಿಗೆಯೋ ನಮ್ಮದಾಗುತ್ತದೆ. ಹೊಸಬ ಒಬ್ಬಿಬ್ಬರು ಸೈನಿಕರನ್ನು ಇಟ್ಟುಕೊಂಡು ಕಾವಲಿಲ್ಲದ ಕಡೆಯೆಲ್ಲ ಸುತ್ತಿ ಬಿದ್ದದ್ದನ್ನು ಆರಿಸುತ್ತಾನೆ. ಮುಖ್ಯ ಹೀರೋ ಮರದ ಗುಡ್ಡೆಗೆಂದು ಹಿಂದಿರುಗಿ ಅರ್ಧ ದಿನ ಕಳೆಯುವುದು ತಪ್ಪುತ್ತದೆ. ಈ ಕೊನೆಯ ಲಾಭ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ. ಆದ್ದರಿಂದ ಮೊದಲ 2500 ಹೀರೋಗೆ, ಎರಡನೆಯದು ಟೌನ್ ಹಾಲ್‌ಗೆ. ಮಧ್ಯಮ ಗಾತ್ರದ ಮ್ಯಾಪಿನಲ್ಲಿ ವಾರದ ಕೊನೆಗೆ ಮೂವರು ಹೀರೋಗಳಿದ್ದರೆ ಚೆನ್ನ. ಎಂಟು ಜನರವರೆಗೆ ಆಟ ಬಿಡುತ್ತದೆಯಾದರೂ ಮೊದಲ ವಾರದಲ್ಲಿ ಅಷ್ಟು ಜನಕ್ಕೆ ಕೆಲಸವೂ ಇಲ್ಲ, ಹಣವೂ ಇಲ್ಲ.

ಪೆಟ್ಟಿಗೆಯ ವಿಷಯದಲ್ಲೂ ಒಂದು ಆಯ್ಕೆ ಇರುತ್ತದೆ. ಚಿನ್ನ ಬೇಡವೆಂದರೆ ಅದರ ಬದಲು 500, 1000 ಅಥವಾ 1500 ಅನುಭವ ಸಿಗುತ್ತದೆ. ಒಂದನೆಯ ಮಟ್ಟದ ಹೀರೋ ಎರಡಕ್ಕೇರಲು 1000 ಅನುಭವ ಸಾಕು, ಆದ್ದರಿಂದ ಆಸೆ ಸಹಜ. ಬೇರೆ ಮಟ್ಟಗಳಲ್ಲಿ ಆ ಆಸೆಗೆ ಅರ್ಥವಿದೆ. ಖಜಾನೆ ಸೊನ್ನೆಯಿದ್ದಾಗ ಮಾತ್ರ ಮೊದಲ ಮೂರು ನಾಲ್ಕು ಪೆಟ್ಟಿಗೆಗಳಲ್ಲಿ ಚಿನ್ನವನ್ನೇ ತೆಗೆದುಕೊಳ್ಳಬೇಕು. ಅನುಭವ ಹೋರಾಟದಿಂದಲೂ ಬರುತ್ತದೆ. ಮೊದಲ ದಿನಗಳ ಚಿನ್ನಕ್ಕೆ ಅಂಥ ಬದಲಿ ದಾರಿ ಹೆಚ್ಚಿಲ್ಲ.

ನಡಿಗೆಯೇ ಬಂಡವಾಳ ಎಂದಮೇಲೆ ಅದನ್ನು ಹಿಗ್ಗಿಸುವ ಉಪಾಯಗಳನ್ನೂ ನೋಡಬೇಕು. ಹೀರೋ ಒಂದು ದಿನದಲ್ಲಿ ಎಷ್ಟು ದೂರ ಹೋಗಬಲ್ಲ ಎನ್ನುವುದನ್ನು ಅವನ ಪಡೆಯ ಅತಿ ನಿಧಾನದ ಜೀವಿ ನಿರ್ಧರಿಸುತ್ತದೆ, ಆ ಲೆಕ್ಕ ಆಗುವುದು ದಿನದ ಆರಂಭದಲ್ಲಿ. ವೇಗ ಮೂರು ಇರುವ ಒಂದೇ ಒಂದು ಕುಂಟುಹೆಜ್ಜೆಯ ಜೀವಿಯನ್ನು ಜೊತೆಗಿಟ್ಟುಕೊಂಡು ಮಲಗಿದರೆ ಮಾರನೆಯ ದಿನದ ದಾರಿ ಅಷ್ಟು ಕಡಿಮೆ. ಹಾಗೆಯೇ ನೆಲ. ಹಿಮ, ಮರಳುಗಳಲ್ಲಿ ಒಂದೂವರೆ ಪಟ್ಟು, ಜೌಗಿನಲ್ಲಿ ಒಂದೂಮುಕ್ಕಾಲು ಪಟ್ಟು ಶ್ರಮ. ಕಲ್ಲು ಹಾಸಿದ ರಸ್ತೆಯಲ್ಲಿ ಅರ್ಧ ಮಾತ್ರ. ಅಡ್ಡದಾರಿ ಹತ್ತಿರವೆಂದು ಜೌಗಿಗಿಳಿಯುವವನು ರಸ್ತೆಯಲ್ಲಿ ಸುತ್ತಿ ಬಂದವನಿಗಿಂತ ಹಿಂದೆ ಉಳಿಯುವುದು ಇದರಿಂದಲೇ. ಇನ್ನೊಂದು ಉಪಾಯ ಸರಪಳಿ. ಊರಿನಿಂದ ಒಂದೊಂದು ದಿನದ ದೂರದಲ್ಲಿ ಹೀರೋಗಳು ನಿಂತಿದ್ದರೆ, ಮೊದಲನೆಯವನು ಪಡೆಯನ್ನು ಎರಡನೆಯವನಿಗೆ ಮುಟ್ಟಿಸಬಹುದು, ಎರಡನೆಯವನು ಅದೇ ದಿನ ಮೂರನೆಯವನಿಗೆ. ಹೀಗೆ ಮೂರು ದಿನದ ಹಾದಿಯನ್ನು ಸೈನ್ಯ ಒಂದೇ ದಿನದಲ್ಲಿ ದಾಟುತ್ತದೆ. ಕಂಪ್ಯೂಟರ್ ಎದುರಾಳಿಯ ಬಳಿ ಹೀರೋಗಳು ನಮ್ಮಷ್ಟೇ ಇರಬಹುದು, ಹೆಚ್ಚೂ ಇರಬಹುದು. ಆದರೆ ಹೀಗೆ ಕೈಯಿಂದ ಕೈಗೆ ದಾಟಿಸುವ ಯೋಜನೆಯಲ್ಲಿ, ಎರಡು ಮೂರು ದಿನ ಮುಂದಿನದನ್ನು ಕಂಡು ಇವತ್ತು ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನದಲ್ಲಿ, ಮನುಷ್ಯನಿಗೆ ಅವನಿಗಿಂತ ಸ್ಪಷ್ಟ ಮೇಲುಗೈ ಇದೆ.

ನಡೆಯುವುದಷ್ಟೇ ಅಲ್ಲ, ದಾರಿಯಲ್ಲಿ ನಿಂತ ಕಾವಲು ಪಡೆಗಳನ್ನು ಹೆಚ್ಚು ನಷ್ಟವಿಲ್ಲದೆ ದಾಟಬೇಕು ಎಂಬುದು ನಿಜ. ಪರದೆಯ ಮೇಲೆ ಅವುಗಳ ನಿಖರ ಸಂಖ್ಯೆ ಕಾಣುವುದಿಲ್ಲ. ‘ಪ್ಯಾಕ್’ ಎಂದರೆ 10ರಿಂದ 19, ‘ಲಾಟ್ಸ್’ ಎಂದರೆ 20ರಿಂದ 49 ಎಂಬಂಥ ಅಂದಾಜು ಮಾತ್ರ. ಇಲ್ಲಿ ಎಣಿಕೆಗಿಂತ ವೇಗವನ್ನು ಮೊದಲು ನೋಡುವುದು ಜಾಣತನ. ಡೆಂಡ್ರಾಯ್ಡ್ ಎಂಬ ನಡೆಯುವ ಮರಗಳ ಗುಂಪೊಂದು ಎದುರಿಗಿದೆ, ನಮ್ಮ ಬಳಿ ಆರ್ಚರ್‌ಗಳಿದ್ದಾರೆ ಎನ್ನಿ. ಡೆಂಡ್ರಾಯ್ಡ್ ಐದನೆಯ ದರ್ಜೆಯ ಜೀವಿ, ಒಂದೊಂದಕ್ಕೂ 55 ಪ್ರಾಣಬಿಂದು, ಹೆಸರು ಕೇಳಿದರೆ ಹಿಂದೆ ಸರಿಯಬೇಕು. ಆದರೆ ಅದರ ವೇಗ ಮೂರು. ರಣರಂಗದ ಅಗಲ 15 ಮನೆ. ಆ ತುದಿಯಿಂದ ಹೊರಟು ಈ ತುದಿಯ ಬಿಲ್ಲುಗಾರನನ್ನು ಮುಟ್ಟಲು ಅದಕ್ಕೆ ಐದು ಸುತ್ತು ಬೇಕು. ಆರ್ಚರ್‌ನ ವೇಗ ನಾಲ್ಕು, ಆದ್ದರಿಂದ ಪ್ರತಿ ಸುತ್ತಿನಲ್ಲೂ ಅವನೇ ಮೊದಲು. ಹತ್ತು ಮನೆಗಿಂತ ದೂರವಿದ್ದರೆ ಬಾಣದ ಪೆಟ್ಟು ಅರ್ಧ, ಹೀಗಾಗಿ ಮೊದಲ ಎರಡು ಸುತ್ತು ಅರ್ಧ ಪೆಟ್ಟು, ಆಮೇಲಿನ ಮೂರು ಪೂರ್ತಿ. ಒಟ್ಟು ಐದು ಸಲ ಬಾಣದ ಮಳೆ, ಎದುರಿನಿಂದ ಒಂದೂ ಏಟಿಲ್ಲ. ಇದಕ್ಕೆ ಇನ್ನೊಂದನ್ನು ಸೇರಿಸಬಹುದು. ಪಡೆಯಲ್ಲಿ ಏಳು ಸ್ಥಾನಗಳಿವೆ. ಒಂದರಲ್ಲಿ ಎಲ್ಲ ಆರ್ಚರ್‌ಗಳನ್ನೂ ಒಟ್ಟಿಗಿಟ್ಟು, ಉಳಿದ ಸ್ಥಾನಗಳಲ್ಲಿ ಒಬ್ಬೊಬ್ಬನೇ ಪೈಕ್‌ಮನ್‌ನನ್ನು ನಿಲ್ಲಿಸಿದರೆ, ಆ ಒಬ್ಬ ಭರ್ಜಿಗಾರ ಮುಂದೆ ಹೋಗಿ ದಾರಿಗೆ ಅಡ್ಡವಾಗುತ್ತಾನೆ. ಮರಗಳು ಅವನ ಮೇಲೆ ತಿರುಗಿದಷ್ಟು ಹೊತ್ತು ಬಿಲ್ಲುಗಾರರಿಗೆ ಇನ್ನೊಂದು ಸುತ್ತು ಸಿಗುತ್ತದೆ. ಪೈಕ್‌ಮನ್‌ನ ಬೆಲೆ 60 ಚಿನ್ನ. ಒಬ್ಬಿಬ್ಬರನ್ನು ಕಳೆದುಕೊಂಡು ಇಡೀ ಬಿಲ್ಲುಪಡೆಯನ್ನು ಉಳಿಸಿಕೊಳ್ಳುವುದು ಈ ಆಟದ ಅತ್ಯಂತ ಅಗ್ಗದ ವ್ಯಾಪಾರ.

ಇದು ತಂತ್ರವಲ್ಲ, ಯಂತ್ರದ ಪೆದ್ದುತನವನ್ನು ದುಡಿಸಿಕೊಳ್ಳುವುದು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪದಲ್ಲಿ ಕಾಳಜಿಯಿದೆ, ಅದನ್ನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ನಿಧಾನದ ಜೀವಿಗೆ ದೂರದಿಂದ ಹೊಡೆಯುವುದು, ಸೈನಿಕನೊಬ್ಬನನ್ನು ಅಡ್ಡ ನಿಲ್ಲಿಸಿ ದಾರಿ ಕಟ್ಟುವುದು, ಇವು ಆಟದ ನಿಯಮದಿಂದ ನೇರವಾಗಿ ಹುಟ್ಟಿದ ನಡೆಗಳು. ಒಂದು ಗುಂಪು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ತಿರುಗೇಟು ಕೊಡುತ್ತದೆ ಎಂಬ ನಿಯಮವೂ ಹಾಗೆಯೇ: ಮೊದಲು ಒಬ್ಬನೇ ಪೈಕ್‌ಮನ್ ಹೊಡೆದು ಆ ತಿರುಗೇಟನ್ನು ತಾನು ತಿಂದರೆ, ಹಿಂದೆ ಬರುವ ದೊಡ್ಡ ಗುಂಪು ನಿರ್ಭಯವಾಗಿ ಹೊಡೆಯುತ್ತದೆ. ಮನುಷ್ಯರಿಬ್ಬರು ಎದುರುಬದುರು ಆಡಿದಾಗಲೂ ಇದೇ ನಿಯಮ, ಇದೇ ನಡೆ. ಸೊನ್ನೆಯಿಂದ ಹೊರಟವನು ನಿಯಮದ ಒಳಗಿರುವ ಪ್ರತಿ ಅನುಕೂಲವನ್ನೂ ಬಳಸುವುದೇ ಸರಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೀರೋಗಳನ್ನೆಲ್ಲ ಹೊರಗೆ ಅಟ್ಟಿದರೆ ಊರನ್ನು ಕಾಯುವವರು ಯಾರು? ಬಂಡವಾಳದೊಂದಿಗೆ ಹೊರಟ ಎದುರಾಳಿ ಬಾಗಿಲು ತೆರೆದಿರುವ ಊರಿಗೆ ನುಗ್ಗಿದರೆ ಅಲ್ಲಿಗೆ ಆಟ ಮುಗಿದಂತೆ. ಊರಿಲ್ಲದೆ ಏಳು ದಿನ ಕಳೆದವನನ್ನು ಆಟವೇ ಹೊರಗೆ ಹಾಕುತ್ತದೆ. ಈ ಭಯಕ್ಕೆ ಎರಡು ಉತ್ತರ. ಮೊದಲ ವಾರದಲ್ಲಿ ಎರಡು ರಾಜ್ಯಗಳ ನಡುವೆ ದೂರವೂ, ಬಹಳ ಮ್ಯಾಪುಗಳಲ್ಲಿ ಕಣಿವೆ ಕಾಯುವ ಕಾವಲು ಪಡೆಗಳೂ ಇರುತ್ತವೆ. ಅವು ನಮ್ಮನ್ನು ತಡೆದಂತೆ ಅವನನ್ನೂ ತಡೆಯುತ್ತವೆ. ಎರಡನೆಯದು, ಊರಿನಲ್ಲಿ ಆ ವಾರ ಹುಟ್ಟಿದ ಸೈನಿಕರನ್ನು ಆ ದಿನವೇ ಕೊಳ್ಳಬೇಕೆಂದಿಲ್ಲ. ಕೊಳ್ಳದೆ ಬಿಟ್ಟವರು ಅಲ್ಲೇ ಉಳಿಯುತ್ತಾರೆ, ಮುಂದಿನ ವಾರ ಹುಟ್ಟಿದವರೂ ಅವರಿಗೆ ಸೇರುತ್ತಾರೆ. ಶತ್ರು ಒಂದು ದಿನದ ದೂರದಲ್ಲಿ ಕಂಡಾಗ ಖಜಾನೆಯಲ್ಲಿ ಹಣವಿದ್ದರೆ ಆ ಕ್ಷಣದಲ್ಲೇ ಕಾವಲು ಪಡೆ ಎದ್ದು ನಿಲ್ಲುತ್ತದೆ. ಆ ಹಣ ತರುವವರು ಮತ್ತೆ ಹೊರಗಿರುವ ಹೀರೋಗಳೇ. ಶತ್ರುವನ್ನು ಒಂದು ದಿನ ಮೊದಲೇ ಕಾಣುವ ಕಣ್ಣುಗಳೂ ಅವರವೇ. ಹಾಗೆಂದು ಈ ಉತ್ತರ ಎಲ್ಲ ಕಡೆಯೂ ಸಲ್ಲುತ್ತದೆ ಎನ್ನಲಾರೆ. 36 ಅಡ್ಡ 36 ಮನೆಯ ಅತಿ ಸಣ್ಣ ಮ್ಯಾಪಿನಲ್ಲಿ ಶತ್ರು ಮೊದಲ ವಾರದಲ್ಲೇ ಬಂದುಬಿಡಬಹುದು. ಅಲ್ಲಿ ಇಬ್ಬರು ಹೀರೋಗಳೇ ಸಾಕು, ಮುಖ್ಯ ಪಡೆ ಊರಿನಿಂದ ಒಂದು ದಿನದ ದೂರಕ್ಕಿಂತ ಆಚೆ ಹೋಗಬಾರದು. 72 ಅಡ್ಡ 72ರ ಮಧ್ಯಮ ಮ್ಯಾಪಿನಿಂದ ಮೇಲಕ್ಕೆ ನನ್ನ ವಾದ ಪೂರ್ತಿ ನಿಲ್ಲುತ್ತದೆ.

ಅದೃಷ್ಟದ ಮಾತನ್ನೂ ಎತ್ತುತ್ತಾರೆ. ಸುತ್ತಮುತ್ತ ಪೆಟ್ಟಿಗೆಯೇ ಇಲ್ಲದಿದ್ದರೆ? ಇಲ್ಲವೆಂದು ಗೊತ್ತಾಗಲೂ ಯಾರಾದರೂ ಹೋಗಿ ನೋಡಲೇಬೇಕಲ್ಲ. ಮ್ಯಾಪಿನ ಕಾಣದ ಭಾಗವನ್ನು ಮುಚ್ಚಿರುವ ಕಪ್ಪು ಮುಸುಕಿನ ಹಿಂದೆ ಏನಿದೆ ಎಂದು ಎರಡನೆಯ ದಿನ ತಿಳಿದವನಿಗೂ ಆರನೆಯ ದಿನ ತಿಳಿದವನಿಗೂ ಅಜಗಜಾಂತರವಿದೆ, ನೆಲ ಬಡವಾಗಿದ್ದಷ್ಟೂ ಆ ಅಂತರ ಹೆಚ್ಚು. ನೆಕ್ರೊಪೊಲಿಸ್ ಊರನ್ನು ಆರಿಸಿದವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಅವರ ಹೀರೋಗಳು ಗೆದ್ದ ಪ್ರತಿ ಹೋರಾಟದಲ್ಲೂ ಸತ್ತವರಿಂದ ಅಸ್ಥಿಪಂಜರಗಳನ್ನು ಎಬ್ಬಿಸಿ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾರೆ, ಒಂದು ಕಾಸೂ ಖರ್ಚಿಲ್ಲದೆ. ಅಲ್ಲಿ ಹೆಚ್ಚು ನಡೆದವನ ಸೈನ್ಯವೇ ದೊಡ್ಡದು. ಕಾಯುತ್ತ ಕುಳಿತರೆ ಕಳೆದುಕೊಳ್ಳುವುದು ಬರೀ ಲಾಭವನ್ನಲ್ಲ; ವಾರ ಉರುಳಿದಂತೆ ದಾರಿಯ ಕಾವಲು ಪಡೆಗಳೂ ಬೆಳೆಯುತ್ತವೆ. ಇವತ್ತು ಸುಲಭವಾಗಿ ಗೆಲ್ಲಬಹುದಾದ ಗಣಿ ಮೂರನೆಯ ವಾರದಲ್ಲಿ ಹೆಚ್ಚಿನ ರಕ್ತ ಕೇಳುತ್ತದೆ.

ಇಷ್ಟಾದ ಮೇಲೂ ಊರಿಗೆ ಮೊದಲ ವಾರದಲ್ಲಿ ಒಂದು ಗಡುವು ಇದ್ದೇ ಇದೆ. ಸೈನಿಕರು ಹುಟ್ಟುವುದು ವಾರದ ಮೊದಲ ದಿನ. ಸಿಟಡೆಲ್ ಇದ್ದರೆ ಆ ಸಂಖ್ಯೆ ಒಂದೂವರೆ ಪಟ್ಟು, ಕ್ಯಾಸಲ್ ಇದ್ದರೆ ಇಮ್ಮಡಿ. ಸಿಟಡೆಲ್‌ಗೆ 2500 ಚಿನ್ನ, 5 ಅದಿರು. ದಿನಕ್ಕೆ ಒಂದೇ ಕಟ್ಟಡವೆಂಬ ನಿಯಮ ಇಲ್ಲಿ ಕಚ್ಚುತ್ತದೆ: ಏಳನೆಯ ದಿನದ ಆ ಒಂದು ಅವಕಾಶವನ್ನು ಬೇರೆ ಯಾವುದಕ್ಕೂ ಕೊಡಬೇಡಿ, ಹೀರೋಗಳು ತಂದದ್ದರಲ್ಲಿ ಅಷ್ಟನ್ನು ಬೇರೆ ತೆಗೆದಿಡಿ. ಏಳನೆಯ ದಿನ ಸಿಟಡೆಲ್ ಎದ್ದರೆ ಎಂಟನೆಯ ದಿನ ಬೆಳಗ್ಗೆ 14 ಪೈಕ್‌ಮನ್‌ಗಳ ಬದಲು 21, 9 ಆರ್ಚರ್‌ಗಳ ಬದಲು 13 ಜನ ಸಿಗುತ್ತಾರೆ. ಅದೇ ಕಟ್ಟಡ ಎಂಟನೆಯ ದಿನ ಎದ್ದರೆ ಆ ಹೆಚ್ಚಳಕ್ಕೆ ಹದಿನೈದನೆಯ ದಿನದವರೆಗೆ ಕಾಯಬೇಕು.